ಸಾದಾ ಮೇಲ್ ಸಾಕೇ, ಬಣ್ಣದ್ದೇ ಬೇಕೇ? ಗ್ರಾಹಕರಿಗೆ ಇಮೇಲ್ ಕಳುಹಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಸಣ್ಣ ವ್ಯಾಪಾರಿಗಳಿಗೆ ಪ್ರಚಾರದ ಇಮೇಲ್ ಸಿದ್ಧಪಡಿಸಿಕೊಡುವುದು ನನ್ನ ಕಸುಬು. ಗೇರುಬೀಜ ಮಾರುವವರು, ಸೀರೆ ಅಂಗಡಿಯವರು, ಹೋಂಸ್ಟೇ ನಡೆಸುವವರು, ಟ್ಯೂಷನ್ ತರಗತಿಯವರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಫೋನಿನಲ್ಲಿ ಪ್ರತಿ ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ವಾಟ್ಸ್‌ಆ್ಯಪ್ ಇರುವಾಗ ಇಮೇಲ್ ಯಾಕೆ?

ಹಂಪನಕಟ್ಟೆಯ ಅಂಗಡಿಗೆ ಕದ್ರಿಯಿಂದ ಬರುವ ಗಿರಾಕಿಗೆ ವಾಟ್ಸ್‌ಆ್ಯಪೇ ಸಾಕು, ತಕರಾರಿಲ್ಲ. ಆದರೆ ನಮ್ಮ ಕಡೆಯ ವ್ಯಾಪಾರದ ಒಂದು ಕಾಲು ಯಾವಾಗಲೂ ಹೊರಗಿರುತ್ತದೆ. ಮುಂಬೈಯಲ್ಲಿ ನೆಲೆಸಿದವರು, ದುಬೈ, ಮಸ್ಕತ್, ಕುವೈತ್‌ಗಳಲ್ಲಿ ದುಡಿಯುವವರು, ಬೆಂಗಳೂರಿನ ಐಟಿ ಕಂಪೆನಿಗಳಲ್ಲಿರುವವರು ಹಗಲಿಡೀ ಮೇಲ್ ಪೆಟ್ಟಿಗೆಯ ಎದುರೇ ಕುಳಿತಿರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಸಂಜೆಯೊಳಗೆ ‘ಶುಭೋದಯ’ಗಳ ರಾಶಿಯಡಿ ಹೂತುಹೋಗುತ್ತದೆ. ಮೇಲ್ ಹಾಗಲ್ಲ. ಊರಿಗೆ ಬರುವ ವಾರ ‘ಹೋಂಸ್ಟೇ’ ಎಂದು ಹುಡುಕಿದರೆ ನಾಲ್ಕು ತಿಂಗಳ ಹಿಂದಿನದ್ದೂ ಸಿಗುತ್ತದೆ.

ಮೇಲ್‌ನಲ್ಲಿ ಎಷ್ಟು ಬಗೆ?

ಬರೇ ಅಕ್ಷರಗಳ ಸಾದಾ ಮೇಲ್ ಒಂದು. ಬಣ್ಣ, ಚಿತ್ರ, ಬಟನ್ ಇರುವ, ವೆಬ್ ಪುಟಗಳ ಕೋಡಿನಲ್ಲಿ ಬರೆದ ಎಚ್‌ಟಿಎಂಎಲ್ ಮೇಲ್ ಇನ್ನೊಂದು. ಇವೆರಡರ ನಡುವೆ ಒಂದು ಮೂರನೆಯದಿದೆ. ತಾಂತ್ರಿಕವಾಗಿ ಅದು ಎಚ್‌ಟಿಎಂಎಲ್, ಆದರೆ ನೋಡುವುದಕ್ಕೆ ಯಾರೋ ಕುಳಿತು ಬರೆದ ಕಾಗದದಂತೆ ಇರುತ್ತದೆ. ಹೆಚ್ಚೆಂದರೆ ಒಂದು ಚಿತ್ರ, ಒಂದು ಲಿಂಕ್.

ನಮ್ಮ ಕಡೆಯವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಯಕ್ಷಗಾನ ಮೇಳದ ಆಟಕ್ಕೆ ಕರಪತ್ರ ಹಂಚುತ್ತಾರೆ. ಅದರಲ್ಲಿ ಬಣ್ಣವಿರುತ್ತದೆ, ವೇಷದ ಚಿತ್ರವಿರುತ್ತದೆ, ದಪ್ಪಕ್ಷರದಲ್ಲಿ ಪ್ರಸಂಗದ ಹೆಸರಿರುತ್ತದೆ. ಮನೆಯ ಪೂಜೆಗೆ ಹಾಗೆ ಮಾಡುವುದಿಲ್ಲ, ಮನೆಗೇ ಹೋಗಿ ಬಾಯ್ಮಾತಿನಲ್ಲಿ ಕರೆಯುತ್ತೇವೆ, ಅದಕ್ಕೆ ನಮ್ಮಲ್ಲಿ ಹೇಳಿಕೆ ಎನ್ನುತ್ತಾರೆ. ಕರಪತ್ರ ನೋಡಿದವನು ಆಟಕ್ಕೆ ಹೋದರೂ ಸರಿ, ಬಿಟ್ಟರೂ ಸರಿ. ಹೇಳಿಕೆ ಬಂದರೆ ‘ಬರುತ್ತೇನೆ’ ಎಂದೋ ‘ಆಗುವುದಿಲ್ಲ ಮಾರಾಯರೇ’ ಎಂದೋ ಉತ್ತರ ಕೊಡಲೇಬೇಕಾಗುತ್ತದೆ. ಬಣ್ಣದ ಮೇಲ್ ಕರಪತ್ರ, ಸಾದಾ ಮೇಲ್ ಹೇಳಿಕೆ. ಕಳುಹಿಸುವ ಮೊದಲು ಇವೆರಡರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹಾಗಾದರೆ ನಮ್ಮ ವ್ಯಾಪಾರಕ್ಕೆ ಯಾವುದು ಆದೀತು?

ಕೊಳ್ಳುವವರು ಕಣ್ಣಿಂದ ನೋಡದೆ ತೀರ್ಮಾನಿಸಲಾರದ ಸಾಮಾನಾದರೆ ಚಿತ್ರ ಬೇಕೇ ಬೇಕು. ಉಡುಪಿ ಕೈಮಗ್ಗದ ಸೀರೆಯ ಅಂಚು ಎಷ್ಟು ಅಗಲ, ಸೆರಗಿನ ಬಣ್ಣ ಒಡಲಿಗೆ ಹೇಗೆ ಹೊಂದುತ್ತದೆ ಎಂದು ಮಾತಿನಲ್ಲಿ ಬರೆದು ಮಾರಲು ಹೊರಟರೆ ನೀವೂ ದಣಿಯುತ್ತೀರಿ, ಓದುವವರೂ ದಣಿಯುತ್ತಾರೆ. ಚಿನ್ನ, ಪೀಠೋಪಕರಣ, ಹೋಂಸ್ಟೇಯ ಕೋಣೆ ಇವೂ ಹಾಗೆಯೇ.

ಗಿರಾಕಿಗೆ ಸಾಮಾನು ಮೊದಲೇ ಗೊತ್ತಿದ್ದು, ‘ಬಂದಿದೆ’ ಎಂಬ ಸುದ್ದಿ ಮಾತ್ರ ಬೇಕಾಗಿದ್ದರೆ ಸಾದಾ ಕಾಗದವೇ ಮೇಲು. ಹಲಸಿನ ಹಪ್ಪಳ ಮಾಡಿ ಮಾರುವ ಮನೆಯೊಂದಕ್ಕೆ ನಾನು ಬರೆದುಕೊಟ್ಟ ಮೇಲ್ ಪೂರ್ತಿ ಇಷ್ಟೇ:

“ನಮಸ್ಕಾರ. ಈ ವರ್ಷದ ಹಲಸಿನ ಹಪ್ಪಳ ನಿನ್ನೆಗೆ ಒಣಗಿ ಮುಗಿಯಿತು. ನಡುವೆ ಎರಡು ದಿನ ಮೋಡ ಕವಿದದ್ದರಿಂದ ಕಳೆದ ಸಲಕ್ಕಿಂತ ಕಡಿಮೆ ಆಗಿದೆ. ಹೋದ ವರ್ಷ ತೆಗೆದುಕೊಂಡವರಿಗೆ ಮೊದಲು ತಿಳಿಸುತ್ತಿದ್ದೇವೆ. ಎಷ್ಟು ಕಟ್ಟು ಬೇಕೆಂದು ಇದಕ್ಕೇ ಉತ್ತರ ಬರೆದರೆ ಸಾಕು. ಮಳೆ ಹಿಡಿಯುವ ಮೊದಲು ಕಳುಹಿಸುತ್ತೇವೆ.”

ಇದರ ಮೇಲೆ ಹಪ್ಪಳದ ಬಣ್ಣದ ಫೋಟೊ ಹಾಕಿ, ಹಸಿರು ಪಟ್ಟಿಯಲ್ಲಿ ‘ಈಗಲೇ ಆರ್ಡರ್ ಮಾಡಿ’ ಎಂದು ಬರೆದಿದ್ದರೆ ಅಂಗಡಿಯ ಮಾತಾಗುತ್ತಿತ್ತು. ಮೋಡದ ಸುದ್ದಿ ಅಂಗಡಿಯದ್ದಲ್ಲ, ಅಂಗಳದ್ದು. ಅದನ್ನು ಓದಿದವರು ಕಟ್ಟಿನ ಲೆಕ್ಕದ ಜೊತೆಗೆ ‘ಅಮ್ಮ ಹೇಗಿದ್ದಾರೆ’ ಎಂದೂ ಕೇಳಿ ಉತ್ತರ ಬರೆದಿದ್ದರು.

ಟ್ಯೂಷನ್ ತರಗತಿ, ದಂತ ಚಿಕಿತ್ಸಾಲಯ, ಲೆಕ್ಕಪರಿಶೋಧಕರ ಕಚೇರಿಯಂಥವರಿಗೆ ಮೂರನೆಯ ಬಗೆಯನ್ನು ಕಣ್ಣುಮುಚ್ಚಿ ಹೇಳುತ್ತೇನೆ. ಅಲ್ಲಿ ಮಾರುವುದು ನಂಬಿಕೆಯನ್ನು. ಅದಕ್ಕೆ ಬಣ್ಣ ಬಳಿದಷ್ಟೂ ಅನುಮಾನ ಹುಟ್ಟುತ್ತದೆ.

ಪ್ರೆಸ್ಸಿನವರು ಮಾಡಿಕೊಟ್ಟ ಪೋಸ್ಟರನ್ನೇ ಮೇಲ್‌ಗೆ ಅಂಟಿಸಿ ಕಳುಹಿಸಿದರೆ ಆಗುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ಅಭ್ಯಾಸವೂ ಇದೇ.

ರಥಬೀದಿಯ ಹತ್ತಿರದ ಸೀರೆ ಅಂಗಡಿಯೊಂದರಲ್ಲಿ ಕುಳಿತಿದ್ದೆ. ಹಬ್ಬದ ಹೊತ್ತಿಗೆ ಅವರು ಪ್ರೆಸ್ಸಿನಲ್ಲಿ ಮಾಡಿಸಿದ ಪೋಸ್ಟರನ್ನು ಒಂದೇ ದೊಡ್ಡ ಚಿತ್ರವಾಗಿ ಎಲ್ಲರಿಗೂ ಮೇಲ್ ಮಾಡಿದ್ದರು. ರಿಯಾಯಿತಿ, ಕೊನೆಯ ದಿನಾಂಕ, ಫೋನ್ ನಂಬರ್ ಎಲ್ಲವೂ ಆ ಚಿತ್ರದೊಳಗೇ ಇತ್ತು. ನಾನಿರುವಾಗಲೇ ಮಸ್ಕತ್‌ನಿಂದ ಹಳೆಯ ಗಿರಾಕಿಯೊಬ್ಬರು ಕರೆ ಮಾಡಿದರು. ‘ನಿಮ್ಮದೊಂದು ಮೇಲ್ ಬಂದಿದೆ, ಖಾಲಿ ಚೌಕ ಮಾತ್ರ ಕಾಣುತ್ತಿದೆ, ಏನು ವಿಷಯ?’ ಅವರ ಆಫೀಸಿನ ಮೇಲ್ ತಂತ್ರಾಂಶ ಔಟ್‌ಲುಕ್ ಹೊರಗಿನಿಂದ ಬರುವ ಚಿತ್ರಗಳನ್ನು ತಾನಾಗಿ ತೋರಿಸುವುದಿಲ್ಲ, ‘ಚಿತ್ರ ಇಳಿಸಿಕೊಳ್ಳಲು ಒತ್ತಿ’ ಎನ್ನುತ್ತದೆ. ಇವರು ಪರಿಚಯದವರು, ಫೋನ್ ಮಾಡಿದರು. ಉಳಿದವರು ಮಾಡಿರಲಿಕ್ಕಿಲ್ಲ.

ಬೇರೆ ತೊಂದರೆಗಳೂ ಇವೆ. ಚಿತ್ರದೊಳಗಿನ ನಂಬರನ್ನು ಬೆರಳಿನಿಂದ ಒತ್ತಿದರೆ ಕರೆ ಹೋಗುವುದಿಲ್ಲ. ಎ4 ಹಾಳೆಯ ಪೋಸ್ಟರ್ ಮೊಬೈಲಿನಲ್ಲಿ ಅಂಚೆಚೀಟಿಯಷ್ಟಾಗುತ್ತದೆ. ಕಣ್ಣು ಕಾಣದವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಓದಲು ಏನೂ ಇರುವುದಿಲ್ಲ. ಹುಡುಕಿದರೆ ಸಿಗುವುದೂ ಇಲ್ಲ. ಅಕ್ಷರವಿಲ್ಲದೆ ಚಿತ್ರ ಮಾತ್ರ ಇರುವ ಮೇಲ್ ಅನ್ನು ಸ್ಪ್ಯಾಮ್ ಸೋಸುವ ವ್ಯವಸ್ಥೆಗಳು ಅನುಮಾನದಿಂದಲೇ ನೋಡುತ್ತವೆ, ಏಕೆಂದರೆ ಮೋಸದ ಮೇಲ್ ಕಳುಹಿಸುವವರ ಹಳೆಯ ಉಪಾಯವೂ ಅದೇ.

ಪೋಸ್ಟರ್ ಬಿಸಾಡಬೇಕಾಗಿಲ್ಲ. ಅದರಿಂದ ಸೀರೆಯ ಚಿತ್ರವನ್ನು ಮಾತ್ರ ಕತ್ತರಿಸಿಕೊಳ್ಳಿ, ಉಳಿದದ್ದನ್ನು ಅಕ್ಷರದಲ್ಲಿ ಬರೆಯಿರಿ. ಚಿತ್ರ ಕಾಣದಿದ್ದಾಗ ಅದರ ಜಾಗದಲ್ಲಿ ತೋರುವ ಬದಲಿ ಪಠ್ಯವನ್ನೂ ತುಂಬಿಸಿ. ಅಲ್ಲಿ ‘ಚಿತ್ರ 1’ ಎಂದು ಬರೆಯಬೇಡಿ, ‘ಮಾವಿನೆಲೆ ಹಸಿರು ಒಡಲು, ಕುಂಕುಮ ಬಣ್ಣದ ಅಂಚಿನ ಹತ್ತಿ ಸೀರೆ’ ಎಂದು ಬರೆಯಿರಿ.

ಕೆಲವರಿಗೆ ಸಾದಾ, ಕೆಲವರಿಗೆ ಬಣ್ಣದ್ದು ಎಂದು ಎರಡು ಮೇಲ್ ಮಾಡಬೇಕೇ?

ಬೇಡ. ಒಂದೇ ಲಕೋಟೆಯೊಳಗೆ ಎರಡನ್ನೂ ಇಟ್ಟು ಕಳುಹಿಸುವ ಏರ್ಪಾಡು ಇದೆ. ಮೈಮ್ ಎಂಬ ಇಮೇಲ್ ನಿಯಮಾವಳಿ 1992ರಲ್ಲಿ ಬಂದದ್ದು, ಈ ಜೋಡಿ ಪದ್ಧತಿಯೂ ಅದರದ್ದೇ. ಮೊದಲು ಸಾದಾ ಪಾಠ (ಬರೇ ಅಕ್ಷರಗಳ ಪ್ರತಿ), ಅದರ ಹಿಂದೆ ಎಚ್‌ಟಿಎಂಎಲ್ ಪಾಠ. ಓದುವವರ ಯಂತ್ರ ತನಗೆ ತೋರಿಸಲು ಬರುವವುಗಳಲ್ಲಿ ಕೊನೆಯದನ್ನು ಆರಿಸಿಕೊಳ್ಳುತ್ತದೆ. ಮೇಲ್ ಕಳುಹಿಸುವ ಸೇವೆಗಳಲ್ಲಿ ಹೆಚ್ಚಿನವು ಸಾದಾ ಪಾಠವನ್ನು ತಾವೇ ತಯಾರಿಸುತ್ತವೆ.

ತಯಾರಿಸಿದ್ದನ್ನು ಒಮ್ಮೆ ಓದಿ ನೋಡಿ ಎಂದಷ್ಟೇ ನನ್ನ ಬೇಡಿಕೆ. ಯಂತ್ರ ಮಾಡಿದ ಸಾದಾ ಪಾಠದಲ್ಲಿ ಮೂರು ಸಾಲು ಉದ್ದದ ಲಿಂಕ್‌ಗಳೂ ಆಚೆಯದ್ದು ಈಚೆಗೆ ಸೇರಿದ ವಾಕ್ಯಗಳೂ ಇರುವುದು ಮಾಮೂಲು. ಎಚ್‌ಟಿಎಂಎಲ್ ಮಾತ್ರ ಇದ್ದು ಸಾದಾ ಪಾಠ ಇಲ್ಲದ ಮೇಲ್‌ಗೆ ಸ್ಪ್ಯಾಮ್‌ಅಸ್ಯಾಸಿನ್‌ನಂಥ ಸೋಸುವ ತಂತ್ರಾಂಶದಲ್ಲಿ ಪ್ರತ್ಯೇಕ ನಿಯಮವೇ ಇದೆ, ದಂಡದ ಅಂಕ ಬೀಳುತ್ತದೆ.

ವಿನ್ಯಾಸದಲ್ಲಿ ಎರಡು ಕಾಲಂ, ಮೂರು ಕಾಲಂ ಇರಲಿ ಎನ್ನುತ್ತಾರೆ.

ಪತ್ರಿಕೆಗೆ ಚೆಂದ, ಮೊಬೈಲಿಗೆ ಅಲ್ಲ. ಒಂದೇ ಕಾಲಂ, 600 ಪಿಕ್ಸೆಲ್‌ನಷ್ಟು ಅಗಲ, ಮೇಲಿಂದ ಕೆಳಗೆ ಒಂದೇ ಓಟ. ಹಳೆಯ ಔಟ್‌ಲುಕ್‌ಗಳ ಕಾಟ ಇನ್ನೂ ಮುಗಿದಿಲ್ಲ. ವಿಂಡೋಸ್‌ನ ಔಟ್‌ಲುಕ್ 2007ರಿಂದ ಮೇಲ್ ತೋರಿಸಲು ಬ್ರೌಸರ್ ಬಿಟ್ಟು ವರ್ಡ್‌ನ ಯಂತ್ರವನ್ನು ಬಳಸತೊಡಗಿತು. ವೆಬ್‌ಸೈಟ್‌ನಲ್ಲಿ ಸರಿಯಾಗಿ ಕಾಣುವ ದುಂಡು ಮೂಲೆ, ಹಿನ್ನೆಲೆ ಚಿತ್ರಗಳೆಲ್ಲ ಅಲ್ಲಿ ಮಾಯ. ವೆಬ್‌ಸೈಟ್ ಮಾಡಿದ ಹುಡುಗನೇ ಮೇಲ್ ಕೂಡ ಮಾಡಿಕೊಡುತ್ತಾನೆ ಎಂದು ಬಂದವರು ಆಮೇಲೆ ಪೇಚಾಡುವುದು ಇದಕ್ಕೇ.

ಕನ್ನಡದಲ್ಲಿ ಕಳುಹಿಸಿದರೆ ಅಕ್ಷರ ಒಡೆಯುತ್ತದಲ್ಲ?

ಈಗ ಒಡೆಯುವುದಿಲ್ಲ, ಒಂದು ತಪ್ಪು ಮಾಡದಿದ್ದರೆ. ಕರಪತ್ರ ಮಾಡಿದ ಪ್ರೆಸ್ಸಿನಿಂದ ‘ಮ್ಯಾಟರ್’ ತರಿಸಿಕೊಂಡು ಹಾಗೆಯೇ ಅಂಟಿಸುವುದೇ ಆ ತಪ್ಪು. ಡಿಟಿಪಿಯವರು ಇಂದಿಗೂ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವುದುಂಟು. ಆ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳು, ಕನ್ನಡದ ವೇಷ ತೊಡಿಸುವುದು ಫಾಂಟ್. ಮೇಲ್‌ಗೆ ಬಂದು ವೇಷ ಕಳಚಿದರೆ ಟೋಪಿ, ಕೊಂಬು, ಅಡ್ಡಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಎದ್ದು ನಿಲ್ಲುತ್ತದೆ. ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಕಣ್ಣಿಟ್ಟು ನೋಡಿ, ಎಡವುವುದು ಹೆಚ್ಚಾಗಿ ಅಲ್ಲೇ.

ಫಾಂಟಿನ ಬಗ್ಗೆ ಹಠ ಬೇಡ. ಅಂಗಡಿಯ ಬೋರ್ಡಿನಲ್ಲಿರುವ ಫಾಂಟೇ ಬೇಕೆಂದರೂ ಜಿಮೇಲ್ ಅದನ್ನು ಹೊರಗಿನಿಂದ ತರಿಸಿಕೊಳ್ಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೋ, ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಐಫೋನಿನಲ್ಲಿ ಅದರದ್ದೇ ಕನ್ನಡ ಫಾಂಟ್, ಹೀಗೆ ಅವರವರ ಯಂತ್ರದಲ್ಲಿ ಇದ್ದದ್ದೇ ಕಾಣುತ್ತದೆ.

ಹಠ ಹಿಡಿಯಬೇಕಾದದ್ದು ಸಾಲುಗಳ ಅಂತರದಲ್ಲಿ. ಸಿದ್ಧ ವಿನ್ಯಾಸಗಳೆಲ್ಲ ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮಾಡಿದವು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಮೇಲಿನ ಸಾಲಿನ ‘ಷ್ಟ್ರ’ದ ಬಾಲ ಕೆಳಗಿನ ಸಾಲಿನ ‘ಕೀ’ಯ ತಲೆಗೆ ತಾಗಿದರೆ ಓದುವವರ ಕಣ್ಣು ಅಲ್ಲೇ ಸೋಲುತ್ತದೆ. ನಾನು ಅಕ್ಷರ 16 ಪಿಕ್ಸೆಲ್‌ಗಿಂತ ಕಡಿಮೆ ಇಡುವುದಿಲ್ಲ, ಸಾಲಿನ ಎತ್ತರ ಅದರ 1.6 ಪಟ್ಟು. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ, ದಪ್ಪಕ್ಷರ ಸಣ್ಣ ಗಾತ್ರದಲ್ಲಿ ಮಸಿ ಚೆಲ್ಲಿದಂತಾಗುತ್ತದೆ. ಬಟನ್ ಮೇಲೆ ‘ಈಗಲೇ ಖರೀದಿಸಲು ಇಲ್ಲಿ ಕ್ಲಿಕ್ಕಿಸಿ’ ಎಂದು ಮೆರವಣಿಗೆ ಹೊರಡಿಸಬೇಡಿ. ‘ಸೀರೆ ನೋಡಿ’ ಎಂದರೆ ಮುಗಿಯಿತು.

ಉದ್ದ ಎಷ್ಟಿರಬೇಕು? ಮೇಲ್ ಅರ್ಧಕ್ಕೇ ತುಂಡಾಗಿ ಕಾಣುವುದು ಯಾಕೆ?

ಮೇಲ್‌ನ ಎಚ್‌ಟಿಎಂಎಲ್ ಭಾಗ 102 ಕಿಲೋಬೈಟ್ ದಾಟಿದರೆ ಜಿಮೇಲ್ ಅಲ್ಲಿಗೆ ಕತ್ತರಿಸಿ ‘ಪೂರ್ತಿ ನೋಡಿ’ ಎಂಬ ಲಿಂಕ್ ಇಡುತ್ತದೆ. ಚಿತ್ರಗಳ ಗಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅಕ್ಷರ ಮತ್ತು ಕೋಡ್ ಬರುತ್ತವೆ. ಇಲ್ಲಿ ಕನ್ನಡಿಗರಿಗೆ ಒಂದು ಗುಟ್ಟು ಗೊತ್ತಿರಬೇಕು. ಮಂಗಳೂರು ಎಂಬ ಹೆಸರು ರೋಮನ್ ಲಿಪಿಯಲ್ಲಿ ಒಂಬತ್ತು ಅಕ್ಷರ, ಒಂಬತ್ತು ಬೈಟ್. ಕನ್ನಡದಲ್ಲಿ ಕಣ್ಣಿಗೆ ನಾಲ್ಕೇ ಅಕ್ಷರ, ಆದರೆ ಸೊನ್ನೆ, ದೀರ್ಘ, ಕೊಂಬು ಸೇರಿ ಒಳಗೆ ಏಳು ಸಂಕೇತಗಳು. ಯುನಿಕೋಡ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಹಾಗೆಂದು ಗಾಬರಿ ಬೇಡ, ಬರೇ ಮಾತು ಬರೆದು 102 ಕಿಲೋಬೈಟ್ ತುಂಬಿಸುವುದು ಕಷ್ಟ. ತುಂಬಿಸುವುದು ವರ್ಡ್‌ನಿಂದ ನೇರವಾಗಿ ಅಂಟಿಸಿದಾಗ ಜೊತೆಗೆ ಬರುವ ಕೋಡಿನ ಕಸ. ತುಂಡಾದಾಗ ಮೊದಲು ಮರೆಯಾಗುವುದು ಎಲ್ಲಕ್ಕಿಂತ ಕೆಳಗಿರುವ ‘ಮುಂದೆ ಮೇಲ್ ಬೇಡ’ ಎಂಬ ಲಿಂಕ್. ಅದು ಕಾಣದವರು ಕೈಗೆ ಸಿಕ್ಕ ಸ್ಪ್ಯಾಮ್ ಬಟನ್ ಒತ್ತುತ್ತಾರೆ.

ತುಳುವಿನಲ್ಲಿ ಬರೆಯಬಹುದೇ?

ಧಾರಾಳವಾಗಿ. ಕನ್ನಡ ಲಿಪಿಯಲ್ಲಿ ಬರೆಯಿರಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್ 16ರೊಳಗೆ ಸೇರಿದ್ದು ಸಂತೋಷವೇ, ಆದರೆ ಗಿರಾಕಿಯ ಮೊಬೈಲಿನಲ್ಲಿ ಅದರ ಫಾಂಟ್ ಇರುವುದಿಲ್ಲ, ಚೌಕಗಳು ಕಾಣುತ್ತವೆ. ಪೂರ್ತಿ ತುಳುವಾದರೆ ಪಟ್ಟಿಯಲ್ಲಿರುವ ಕೊಂಕಣಿ, ಬ್ಯಾರಿ ಮನೆಮಾತಿನವರಿಗೆ ಹೇಗೆ ಎಂದೂ ಯೋಚಿಸಿ. ‘ಎಂಚ ಉಲ್ಲರ್’ (ಹೇಗಿದ್ದೀರಿ) ಎಂದು ಶುರು ಮಾಡಿ ಕನ್ನಡಕ್ಕೆ ಹೊರಳಿದರೆ ಯಾರೂ ಬೇಸರಿಸುವುದಿಲ್ಲ.

ವಿಷಯದ ಸಾಲಿನಲ್ಲಿ ಏನು ಬರೆಯಬೇಕು?

ಮೊಬೈಲಿನಲ್ಲಿ ಕನ್ನಡದ ನಾಲ್ಕೈದು ಪದ ಕಂಡರೆ ಹೆಚ್ಚು. ಆದ್ದರಿಂದ ‘ನಮ್ಮ ಸಂಸ್ಥೆಯ ಎಲ್ಲ ಗೌರವಾನ್ವಿತ ಗ್ರಾಹಕರಿಗೆ’ ಎಂದು ಶುರು ಮಾಡಿದರೆ ವಿಷಯ ಬರುವ ಹೊತ್ತಿಗೆ ಸಾಲು ಮುಗಿದಿರುತ್ತದೆ. ‘ಹಲಸಿನ ಹಪ್ಪಳ ಒಣಗಿತು’ ಎಂಬುದಕ್ಕಿಂತ ಒಳ್ಳೆಯ ವಿಷಯದ ಸಾಲನ್ನು ನಾನು ಈವರೆಗೆ ಬರೆದಿಲ್ಲ.

ಅದರ ಪಕ್ಕದಲ್ಲೋ ಕೆಳಗೋ ಬೂದು ಬಣ್ಣದಲ್ಲಿ ಮೇಲ್‌ನ ಮೊದಲ ಮಾತುಗಳು ಕಾಣುತ್ತವೆ. ಬಣ್ಣದ ಮೇಲ್‌ಗಳಲ್ಲಿ ಆ ಜಾಗವನ್ನು ಹೆಚ್ಚಾಗಿ ‘ಈ ಮೇಲ್ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ’ ಎಂಬ ವಾಕ್ಯ ನುಂಗಿರುತ್ತದೆ. ಬಾಗಿಲಲ್ಲೇ ಕ್ಷಮೆ ಕೇಳಿದ ಹಾಗೆ.

ಕ್ಯಾಟಲಾಗಿನ ಪಿಡಿಎಫ್ ಲಗತ್ತಿಸಬಹುದೇ?

ಬೇಡ. ವೆಬ್‌ಸೈಟಿನಲ್ಲಿಟ್ಟು ಲಿಂಕ್ ಕೊಡಿ.

ಸಾದಾ ಮೇಲ್ ಕಳುಹಿಸಿದರೆ ಜಿಮೇಲ್ ಪ್ರಚಾರದ ಮೇಲ್‌ಗಳನ್ನು ಬೇರೆಯಾಗಿಡುವ ಪ್ರಮೋಷನ್ಸ್ ವಿಭಾಗಕ್ಕೆ ಹೋಗುವುದಿಲ್ಲವಂತೆ, ಹೌದೇ?

ಹಾಗೆ ಮಾತು ಕೊಡುವವರನ್ನು ನಂಬಬೇಡಿ. ರೂಪವೂ ಒಂದು ಸುಳಿವು ಇರಬಹುದು, ಆದರೆ ಯಾರು ಕಳುಹಿಸಿದ್ದು, ಒಳಗೆ ಏನಿದೆ, ಓದುವವರು ಹಿಂದೆ ಏನು ಮಾಡಿದ್ದರು ಎಂಬುದನ್ನೂ ಜಿಮೇಲ್ ಗಮನಿಸುತ್ತದೆ. ಪ್ರಮೋಷನ್ಸ್ ಎಂದರೆ ಕಸದ ಬುಟ್ಟಿಯೂ ಅಲ್ಲ. ಸೀರೆ ಕೊಳ್ಳುವ ಮನಸ್ಸಾದಾಗ ಜನ ಅಲ್ಲಿಗೇ ಹೋಗುತ್ತಾರೆ.

ನಮ್ಮ ಮಾಮೂಲಿ ಜಿಮೇಲ್‌ನಿಂದಲೇ ಎಲ್ಲರನ್ನೂ ಬಿಸಿಸಿಯಲ್ಲಿ ಹಾಕಿ ಕಳುಹಿಸುತ್ತೇವೆ. ತೊಂದರೆಯೇ?

ಮೂವತ್ತು ಜನರಿಗಾದರೆ ನಡೆಯುತ್ತದೆ. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚು ಕಳುಹಿಸಲಾಗುವುದಿಲ್ಲ. ವಿಳಾಸ ಅಡಗಿಸುವ ಬಿಸಿಸಿಯ ಬದಲು ಅವಸರದಲ್ಲಿ ಎಲ್ಲರಿಗೂ ಕಾಣುವ ಸಿಸಿಗೆ ಹಾಕಿದರೆ ನಿಮ್ಮ ಗಿರಾಕಿಗಳ ವಿಳಾಸ ಪಟ್ಟಿ ಊರಿಗೆಲ್ಲ ಹಂಚಿದಂತೆ. ಆಗದು ಎನ್ನಬೇಡಿ, ಆದದ್ದನ್ನು ನೋಡಿದ್ದೇನೆ.

ಪಟ್ಟಿ ದೊಡ್ಡದಾದಾಗ ಮೇಲ್ ಕಳುಹಿಸುವ ಸೇವೆಯೊಂದನ್ನು ಹಿಡಿಯಿರಿ. ಆದರೆ ಕಳುಹಿಸುವವರ ವಿಳಾಸ ಜಿಮೇಲ್‌ನದ್ದೇ ಇರಬಾರದು, ನಿಮ್ಮ ಸ್ವಂತ ಡೊಮೈನ್‌ನದ್ದಾಗಿರಬೇಕು, ಅಂದರೆ @ ಗುರುತಿನ ನಂತರ ನಿಮ್ಮದೇ ವೆಬ್ ಹೆಸರು ಇರಬೇಕು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳು ಡೊಮೈನ್‌ಗೆ ಸೇರಿರಬೇಕು. ಈ ಡೊಮೈನ್‌ನ ಹೆಸರಿನಲ್ಲಿ ಯಾರು ಕಳುಹಿಸಬಹುದು, ಮೇಲ್ ದಾರಿಯಲ್ಲಿ ತಿದ್ದುಪಡಿಯಾಗಿಲ್ಲವೇ, ತಾಳೆಯಾಗದಿದ್ದರೆ ಏನು ಮಾಡಬೇಕು ಎಂದು ಅವು ಹೇಳುತ್ತವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಮೂರೂ ಕಡ್ಡಾಯ. ಅಷ್ಟು ಕಳುಹಿಸುವವರು ನಮ್ಮಲ್ಲಿ ಕಡಿಮೆ, ಆದರೂ ಮೂರನ್ನೂ ಹಾಕಿಸಿಡಿ. ಡೊಮೈನ್ ಕೊಟ್ಟವರಿಗೆ ಅದು ಅರ್ಧ ಗಂಟೆಯ ಕೆಲಸ. ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಶೇ. 0.3 ಮುಟ್ಟಬಾರದು ಎನ್ನುತ್ತದೆ ಗೂಗಲ್. ಸಾವಿರ ಮೇಲ್‌ಗೆ ಮೂವರು. ಹಾಗಾಗಿ ಎಲ್ಲಿಂದಲೋ ಕೊಂಡುತಂದ ಪಟ್ಟಿಗೆ ಕಳುಹಿಸುವುದು ಡೊಮೈನ್‌ನ ಹೆಸರನ್ನೇ ಕೆಡಿಸಿಕೊಳ್ಳುವ ದಾರಿ.

‘ಮುಂದೆ ಮೇಲ್ ಬೇಡ’ ಎಂಬ ಲಿಂಕನ್ನು ಸ್ವಲ್ಪ ಮರೆಮಾಡಿ ಇಡಬಹುದೇ?

ಇದನ್ನು ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಇಡಬಾರದು. ಹೋಗಬೇಕೆನ್ನುವವರನ್ನು ಹಿಡಿದಿಟ್ಟರೆ ಅವರು ದೂರು ಕೊಟ್ಟು ಹೋಗುತ್ತಾರೆ, ಅಷ್ಟೇ. ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು ಎಂಬುದು ಗೂಗಲ್‌ನ ನಿಯಮ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು ಎನ್ನುತ್ತದೆ. ಸಾದಾ ಮೇಲ್‌ನಲ್ಲಿ ಈ ಲಿಂಕನ್ನು ಮರೆಯುವವರು ಹೆಚ್ಚು, ಕಾಗದದಂತಿರುವ ಮೇಲ್‌ಗೂ ಅದು ಬೇಕು. ನಾನು ಸಹಿಯ ಕೆಳಗೆ ‘ಈ ಪತ್ರಗಳು ಬೇಡವಾದರೆ ಇಲ್ಲಿ ತಿಳಿಸಿ’ ಎಂದು ಬರೆಯುತ್ತೇನೆ.

ಯಾವ ರೂಪ ಹೆಚ್ಚು ಕೆಲಸ ಮಾಡಿತು ಎಂದು ತಿಳಿಯುವುದು ಹೇಗೆ?

ಎಷ್ಟು ಜನ ಮೇಲ್ ತೆರೆದರು ಎಂಬ ಅಂಕಿ ನೋಡಿ ಹಿಗ್ಗಬೇಡಿ. ಮೇಲ್‌ನೊಳಗೆ ಅಡಗಿಸಿದ ಕಣ್ಣಿಗೆ ಕಾಣದ ಒಂದು ಚಿತ್ರವನ್ನು ಓದುವವರ ಯಂತ್ರ ತರಿಸಿಕೊಂಡಿತೇ ಎಂಬುದರ ಮೇಲೆ ಆ ಲೆಕ್ಕ ನಿಂತಿದೆ. 2021ರಲ್ಲಿ ಆ್ಯಪಲ್ ತಂದ ಗೌಪ್ಯತೆ ವ್ಯವಸ್ಥೆಯನ್ನು ಹಾಕಿಕೊಂಡವರಲ್ಲಿ, ಅವರು ಮೇಲ್ ತೆರೆಯದಿದ್ದರೂ ಚಿತ್ರಗಳು ಹಿಂದಿನಿಂದ ಇಳಿದಿರುತ್ತವೆ. ಅಪ್ಪಟ ಸಾದಾ ಮೇಲ್‌ನಲ್ಲಿ ಚಿತ್ರವೇ ಇಲ್ಲದ್ದರಿಂದ ಲೆಕ್ಕವೇ ಇಲ್ಲ. ಹಾಗಿರುವಾಗ ಆ ಅಂಕಿ ಹಿಡಿದು ಎರಡು ರೂಪಗಳನ್ನು ಹೋಲಿಸುವುದು ತಕ್ಕಡಿಯ ಒಂದೇ ತಟ್ಟೆ ಇಟ್ಟುಕೊಂಡು ತೂಗಿದಂತೆ.

ಉತ್ತರ ಎಷ್ಟು ಬಂತು, ಫೋನ್ ಎಷ್ಟು ಬಂತು, ಲಿಂಕ್ ಎಷ್ಟು ಜನ ಒತ್ತಿದರು, ಗಲ್ಲಾಪೆಟ್ಟಿಗೆಗೆ ಎಷ್ಟು ಬಂತು, ಇದನ್ನು ನೋಡಿ. ಪಟ್ಟಿಯನ್ನು ಅರ್ಧರ್ಧ ಮಾಡಿ ಎರಡು ರೂಪ ಕಳುಹಿಸಿ ಪರೀಕ್ಷಿಸಬಹುದು, ಆದರೆ ಪಟ್ಟಿ ಸಣ್ಣದಾದರೆ ಫಲಿತಾಂಶ ಆಟವಾಡಿಸುತ್ತದೆ. ಎಂಟುನೂರು ಜನರಲ್ಲಿ ನಾನೂರಕ್ಕೆ ಸಾದಾ, ನಾನೂರಕ್ಕೆ ಬಣ್ಣದ್ದು ಕಳುಹಿಸಿ, ಅಲ್ಲಿ ಇಪ್ಪತ್ತು ಜನ, ಇಲ್ಲಿ ಇಪ್ಪತ್ತಾರು ಜನ ಲಿಂಕ್ ಒತ್ತಿದರು ಎನ್ನಿ. ಅದು ಗೆಲುವಲ್ಲ. ಮರುದಿನ ಕಳುಹಿಸಿದ್ದರೆ ಉಲ್ಟಾ ಆಗುತ್ತಿತ್ತೋ ಏನೋ. ಆಟಿಗೊಮ್ಮೆ, ಚೌತಿಗೊಮ್ಮೆ, ದೀಪಾವಳಿಗೊಮ್ಮೆ ಹೀಗೆ ನಾಲ್ಕಾರು ಸಲ ಒಂದೇ ಕಡೆಗೆ ವಾಲಿದರೆ ಆಗ ನಂಬೋಣ.

ಕಳುಹಿಸುವ ಮೊದಲು ಏನೇನು ನೋಡಬೇಕು?

ಒಂದು ಆಂಡ್ರಾಯ್ಡ್, ಒಂದು ಐಫೋನ್, ಚಿತ್ರ ಮುಚ್ಚಿದ ಒಂದು ಔಟ್‌ಲುಕ್. ಮೊಬೈಲನ್ನು ಕಪ್ಪು ಹಿನ್ನೆಲೆಗೆ ಹಾಕಿಯೂ ನೋಡಿ. ಬಿಳಿ ಚೌಕದ ಮೇಲಿರುವ ನಿಮ್ಮ ಲೋಗೋ ಅಲ್ಲಿ ಗೋಡೆಗೆ ಅಂಟಿಸಿದ ಸ್ಟಿಕ್ಕರಿನಂತೆ ಕಂಡೀತು. ಲಿಂಕ್‌ಗಳನ್ನೆಲ್ಲ ಒತ್ತಿ ನೋಡಿ, ಉತ್ತರ ಬರೆದರೆ ಯಾರ ಪೆಟ್ಟಿಗೆಗೆ ಬೀಳುತ್ತದೆ ಎಂದೂ ನೋಡಿ.

ಇಷ್ಟಾದ ಮೇಲೆ ನಾನು ಅಮ್ಮನಿಗೊಂದು ಪ್ರತಿ ಕಳುಹಿಸಿ ಫೋನಿನಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಅವರು ತಡವರಿಸಿದ ಕಡೆ ವಾಕ್ಯ ತುಂಡು ಮಾಡುತ್ತೇನೆ. ಕಳೆದ ವಾರದ್ದು ಮೂರು ಬಣ್ಣ, ಎರಡು ಬಟನ್ ಇದ್ದ ಮೇಲ್. ಎಲ್ಲ ಕಡೆಯೂ ಸರಿಯಾಗಿ ಕಂಡಿತ್ತು. ಅಮ್ಮ ಎಲ್ಲೂ ನಿಲ್ಲದೆ ಓದಿ ಮುಗಿಸಿ, ‘ಬೆಲೆ ಎಷ್ಟೆಂದು ಎಲ್ಲಿ ಬರೆದಿದ್ದೀ?’ ಎಂದು ಕೇಳಿದರು. ಬರೆದಿರಲಿಲ್ಲ.